ನನ್ನ ಮಗ ಸ್ವಾಮಿ ಅಲ್ಲ

ಜೂನ್ ೧೧, ೧೯೩೪. ಸೋಮವಾರ

ಐದೂವರೆಗೆ ಎದ್ದೆ. ಒಲೆ, ನೀರು, ಮುದ್ದೆ. ಅತ್ತೆ ಬಡಿಸಿದರು. ಸಾರು ಹರಿದು ಮುದ್ದೆಗೆ ತಾಗಿತು. ಮಗ ಅಡವಿ ಎಸೆದ ತಟ್ಟೆ ಗೋಡೆಗೆ ಹೋಯಿತು. ಅಡವಿಗೆ ಮುದ್ದೆ ಒಂದು ಕಡೆ, ಸಾರು ಒಂದು ಕಡೆ, ನಡುವೆ ಬೆರಳಷ್ಟು ಜಾಗ — ಈ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ಬೇರೆ ತಟ್ಟೆ, ಬೇರೆ ಮುದ್ದೆ. ತಿಂದ. ಸ್ಕೂಲಿಗೆ ಕಾಲು ಗಂಟೆ ಲೇಟು. ಮಿಡಿಗೇಶಿಯ ಹೆಣ್ಣುಮಕ್ಕಳ ಸ್ಕೂಲಿಗೆ ನಾನೊಬ್ಬಳೇ ಮೇಷ್ಟ್ರಮ್ಮ. ಇಪ್ಪತ್ತೆರಡು ಹುಡುಗಿಯರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು.

ಮಗನಿಗೆ ಇವತ್ತಿಗೆ ಮೂರು ವರ್ಷ ಎರಡು ತಿಂಗಳು. ಮುತ್ತಜ್ಜನ ಹೆಸರು ಇಟ್ಟದ್ದು — ಅಡವಯ್ಯ, ಕರೆಯುವುದು ಅಡವಿ. ಮಾತು ಇಲ್ಲ. ಒಂದೂವರೆ ವರ್ಷಕ್ಕೆ ಗುಬ್ಬಿ ನೋಡಿ 'ಅಕ್ಕಿ' ಅನ್ನುತ್ತಿದ್ದ, ಅದೂ ಹೋಯಿತು. ಕರೆದರೆ ತಿರುಗುವುದಿಲ್ಲ. ಮುಖ ನೋಡುವುದಿಲ್ಲ. ಹುಣಸೆಬೀಜ ಸಾಲಾಗಿ ಇಟ್ಟುಕೊಂಡು ಕೂರುತ್ತಾನೆ, ಒಂದು ಬೀಜ ಅತ್ತಿತ್ತ ಆದರೆ ರಂಪ. ಕಿವುಡು ಅನ್ನುತ್ತಾರೆ ಊರವರು. ಬೀಜದ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಹಿತ್ತಲಿಂದ ಓಡಿ ಬರುವವನು ಕಿವುಡನೇ?

ಇದನ್ನು ಹಳೇ ಹಾಜರಿ ರಿಜಿಸ್ಟರಿನ ಹಿಂದುಗಡೆ ಬರೆಯುತ್ತಿದ್ದೇನೆ. ಮಾವ ಸ್ಕೂಲಿನ ಪುಸ್ತಕ ಮುಟ್ಟುವವರಲ್ಲ. ಅತ್ತೆಗೆ ಓದು ಬಾರದು. ನಮ್ಮವರು ಶಿರಾದ ಕಡಲೆಕಾಯಿ ಮಂಡಿಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದಾರೆ, ಮನೆಗೆ ಭಾನುವಾರಕ್ಕೊಂದು ಸಲ ಬರುವ ಯಜಮಾನರು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ.

ಜೂನ್ ೧೭. ಭಾನುವಾರ

ನಮ್ಮವರು ಬಂದರು. ಮಾವ ಅವರ ಎದುರಿಗೇ ಶುರು ಮಾಡಿದರು — ಕತ್ತಿನ ಹಿಂದೆ ಒಂದು ಬರೆ ಎಳೆಸೋಣ, ಮಾತು ಬರುತ್ತದೆ. ಇಲ್ಲಿಯ ತನಕ ಆದದ್ದು: ನಾಲಿಗೆಗೆ ಬಜೆ ತಿಕ್ಕಿದ್ದು ಒಂದು ವರ್ಷ. ದೇವಸ್ಥಾನದ ಗಂಟೆಯಲ್ಲಿ ನೀರು ಹಾಕಿ ಕುಡಿಸಿದ್ದು. ನಾಲಿಗೆ ಕೆಳಗಿನ ನರ ಕೊಯ್ಯಲು ಕ್ಷೌರದವನನ್ನು ಕರೆಸಿದ್ದು, ನಾನು ಓಡಿಸಿದ್ದು. ಎಲ್ಲ ಸಹಿಸಿದೆ. ಬರೆ ಅಂದಾಗ ಒಲೆಯ ಇಕ್ಕಳ ತಂದು ಮುಂದೆ ಇಟ್ಟೆ. 'ಮೊದಲು ನನಗೆ ಎಳೀರಿ, ಆಮೇಲೆ ಅವನಿಗೆ' ಅಂದೆ.

ನಮ್ಮವರು ರೇಣುಕಯ್ಯನವರು ನೆಲ ನೋಡುತ್ತಾ ಕೂತಿದ್ದರು. ಒಳ್ಳೆಯವರು. ಒಳ್ಳೆಯತನವನ್ನೆಲ್ಲ ನೆಲಕ್ಕೇ ತೋರಿಸುತ್ತಾರೆ. ಬರೆ ಮಾತ್ರ ನಿಂತಿತು.

ಜೂನ್ ೨೩

ಮಧುಗಿರಿಗೆ ಹೋಗಿದ್ದೆ, ಅಡವಿಯನ್ನು ಕರೆದುಕೊಂಡು. ಬಸ್ಸು ಶುರುವಾದ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿದ. 'ಮಗೂಗೆ ಗಾಳಿ ಏನಾದ್ರೂ ಸೋಕೈತಾ, ಇಳಿಸ್ಬುಡ್ಲಾ?' ಅಂದ ಕಂಡಕ್ಟರ್. ಟಿಕೆಟ್ಟಿದೆ, ಇಳಿಯುವುದಿಲ್ಲ ಅಂದೆ. ಅಷ್ಟೂ ದೂರ ನನ್ನ ಸೆರಗಿನೊಳಗೆ ತಲೆ ಇಟ್ಟುಕೊಂಡಿದ್ದ. ನನ್ನ ರವಿಕೆ ಒದ್ದೆ.

ಡಾಕ್ಟರು ಕಿವಿ ಹತ್ತಿರ ಗಡಿಯಾರ ಹಿಡಿದು ನೋಡಿದರು. ಕಿವಿ ಸರಿಯಿದೆ ಅಂದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪದ ಬರೆದರು. ಏನಿದು ಅಂತ ಕೇಳಿದೆ. 'ಈಡಿಯಟ್ ಅಂತ. ಬೈಗುಳ ಅಲ್ಲಮ್ಮ, ಇದು ನಮ್ಮ ಶಾಸ್ತ್ರದಲ್ಲಿ ಇರೋ ಹೆಸರು. ಇದಕ್ಕೆ ಮದ್ದಿಲ್ಲ' ಅಂದರು. ಎರಡು ನಿಮಿಷವೂ ಆಗಿರಲಿಲ್ಲ ಅವನನ್ನು ನೋಡಿ. ಚೀಟಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ವಾಪಸ್ಸು ಬರುವಾಗ ಅತ್ತುಬಿಟ್ಟೆ. ಬಸ್ಸಿನಲ್ಲಿ. ಯಾರು ನೋಡಿದರೆ ನೋಡಲಿ.

ಜೂನ್ ೩೦

ಇವತ್ತು ಒಂದು ಸಂಗತಿ ಆಯಿತು.

ಅವನಿಗೆ ಮೈ ಮುಟ್ಟಿದರೆ ಆಗದು, ತಲೆಗೆ ಎಣ್ಣೆ ಅಂದರೆ ಯುದ್ಧ. ಆದರೆ ಪಾದದ ಮೇಲೆ ಚೊಂಬಿನಿಂದ ಸಣ್ಣಗೆ ನೀರು ಹುಯ್ದರೆ ಸಾಕು, ಕಣ್ಣು ಅರ್ಧ ಮುಚ್ಚಿ ನಗುತ್ತಾ ಕೂತುಬಿಡುತ್ತಾನೆ. ಸಂಜೆ ಬಚ್ಚಲಲ್ಲಿ ಹಾಗೆ ಹುಯ್ಯುತ್ತಿದ್ದೆ. ಚೊಂಬು ಖಾಲಿಯಾಯಿತು. ಹಂಡೆ ಕಡೆ ತಿರುಗುವ ಮೊದಲು ಯಾಕೋ ಒಂದು ಗಳಿಗೆ ಸುಮ್ಮನೆ ಕೂತೆ, ಸುಸ್ತಾಗಿತ್ತು. ಅವನು ಕಾಲು ನೋಡಿದ. ಚೊಂಬು ನೋಡಿದ. ಆಮೇಲೆ ನನ್ನ ಮುಖ ನೋಡಿದ.

ನನ್ನ ಕಣ್ಣಿಗೆ ಕಣ್ಣಿಟ್ಟು. ಒಂದೂವರೆ ವರ್ಷ ಆಗಿತ್ತು ಹಾಗೆ ನೋಡಿ. ಮದ್ದಿಲ್ಲವಂತೆ.

ಜುಲೈ ೪

ದಿನಾ ಸಂಜೆ ಅಭ್ಯಾಸ. ಹುಯ್ಯುವುದು, ನಿಲ್ಲಿಸುವುದು, ಮನಸ್ಸಿನಲ್ಲಿ ಹತ್ತು ಎಣಿಸುವುದು. ಮೊದಲ ದಿನ ಅತ್ತ, ಹುಯ್ದುಬಿಟ್ಟೆ. ಇವತ್ತು ನನ್ನ ಕೈ ಹಿಡಿದು ಚೊಂಬಿನ ಮೇಲೆ ಇಟ್ಟ. ತಾನಾಗಿ. 'ಹುಯ್ಯಿ' ಅಂತ ನಾನೇ ಹೇಳಿ ಹುಯ್ದೆ. ಸ್ಕೂಲಿನಲ್ಲಿ ಹುಡುಗಿಯರಿಗೆ ಉತ್ತರ ನಾನೇ ಹೇಳಿಕೊಡುತ್ತಿದ್ದೆ, ಕಾಯುವ ತಾಳ್ಮೆ ಇರಲಿಲ್ಲ. ಈಗ ಅಲ್ಲೂ ಹತ್ತು ಎಣಿಸುತ್ತೇನೆ.

ಹಗಲು ಅವನು ಇರುವುದು ಸ್ಕೂಲಿನ ಪಕ್ಕ, ಹತ್ತಿ ಹಿಂಜುವವರ ಮನೆಯಲ್ಲಿ. ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದಿಗೆ ಮಾತ್ರ ಇವನು ಕಿವಿ ಮುಚ್ಚುವುದಿಲ್ಲ. ಆ ಮನೆಯ ಚಾಂದ್ ಬಿ ನೋಡಿಕೊಳ್ಳುತ್ತಾಳೆ. 'ಸಬ್ ಸುನ್ತಾ ಹೈ, ಎಲ್ಲಾ ಕೇಳಿಸ್ತದೆ ಈ ಕಳ್ಳಂಗೆ. ನಾ ಅತ್ತಕಡೆ ತಿರುಗಿದ್ರೆ ಹತ್ತಿ ಮಾಯ' ಅನ್ನುತ್ತಾಳೆ. ನನ್ನ ಮಗನನ್ನು ಕಳ್ಳ ಅಂದವಳ ಮೇಲೆ ಇಷ್ಟು ಪ್ರೀತಿ ಬರಬಹುದು ಅಂತ ಗೊತ್ತಿರಲಿಲ್ಲ.

ಜುಲೈ ೧೦

ನೆನ್ನೆ ಮಾವನಿಗೆ ಜ್ವರ. ನಮ್ಮದು ಅಯ್ಯನವರ ಮನೆ. ಸೋಮವಾರ ಭಕ್ತರು ಬರುತ್ತಾರೆ, ಮಾವನ ಪಾದ ತೊಳೆದು ಆ ನೀರನ್ನು ಪಾದೋದಕ ಅಂತ ತೆಗೆದುಕೊಳ್ಳುತ್ತಾರೆ. ತಲೆಮಾರುಗಳಿಂದ ಬಂದದ್ದು, ಅದಕ್ಕೆ ನನ್ನ ತಕರಾರಿಲ್ಲ. ನೆನ್ನೆ ಚಿಕ್ಕರಂಗಯ್ಯ ಬಂದಿದ್ದ, ಅವನ ಎತ್ತು ಕಾಣೆಯಾಗಿ ಮೂರು ದಿನ. ಅಯ್ಯನವರು ಏಳುವ ಹಾಗಿಲ್ಲ. ಅತ್ತೆ ಅಡವಿಯನ್ನು ಮಣೆಯ ಮೇಲೆ ಕೂರಿಸಿದರು — ಅವನೂ ಅಯ್ಯನವರ ಕುಡಿಯೇ ತಾನೆ.

ನೀರು ಬಿತ್ತು. ಅಡವಿ ಕಣ್ಣು ಅರ್ಧ ಮುಚ್ಚಿ ನಕ್ಕ. ಚಿಕ್ಕರಂಗಯ್ಯನಿಗೆ ಮೈ ಜುಂ ಅಂದಿತಂತೆ. ಇವತ್ತು ಬೆಳಿಗ್ಗೆ ಎತ್ತು ಬೆಟ್ಟದ ಹಿಂದಿನ ಕುರುಚಲಿನಿಂದ ತಾನೇ ಮನೆಗೆ ಬಂದಿದೆ. ಹಸಿವಾದ ಎತ್ತು ಇನ್ನೆಲ್ಲಿಗೆ ಹೋಗಬೇಕು?

ಜುಲೈ ೧೫. ಭಾನುವಾರ

ಇವತ್ತು ಸದ್ದು ಬಂತು. ನಿಲ್ಲಿಸಿ ಒಂಬತ್ತು ಎಣಿಸಿದ್ದೆ. ಮುಖ ನೋಡಿ, ತುಟಿ ಮುಂದಕ್ಕೆ ಮಾಡಿ — 'ಊ'. ಹುಯ್ಯಿಯ 'ಊ'. ಚೊಂಬು ಪೂರ್ತಿ ಸುರಿದುಬಿಟ್ಟೆ. ನಮ್ಮವರನ್ನು ಕರೆದು ತೋರಿಸಿದೆ. ಎರಡನೇ ಸಲ ಅನ್ನಲಿಲ್ಲ. 'ಆಕಳಿಸಿದ್ನೇನೋ' ಅಂದರು. ಅವರಿಗೆ ರಾತ್ರಿ ಮುದ್ದೆ ಮೇಲೇ ಸಾರು ಸುರಿದು ಬಡಿಸಿದೆ.

ಜುಲೈ ೨೪

ಹೋದ ಸೋಮವಾರ ಹನ್ನೊಂದು ಜನ. ನೆನ್ನೆ ಮೂವತ್ತಕ್ಕೂ ಮೇಲೆ. ಪಾವಗಡ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದಾರೆ. ಮಾತಾಡದ್ದು ಮೌನವ್ರತವಂತೆ. ಮುಖ ನೋಡದ್ದು ಅಂತರ್ಮುಖವಂತೆ. ಕೂತು ತೂಗುವುದು ಶಿವಧ್ಯಾನ. ಹುಣಸೆಬೀಜದ ಸಾಲು — ಲಿಂಗಪೂಜೆ. ಒಬ್ಬ ಮುದುಕಿ ಅವನ ಬೀಜ ಒಂದನ್ನು ಪ್ರಸಾದ ಅಂತ ಎತ್ತಿಕೊಂಡಳು. ಅವನು ನೆಲಕ್ಕೆ ತಲೆ ಚಚ್ಚಿಕೊಂಡ. 'ಸಾಮಿಕಿ ಕೋಪಮೊಚ್ಚಿಂದಿ', ಸ್ವಾಮಿಗೆ ಕೋಪ ಬಂತು ಅಂತ ಎಲ್ಲರೂ ಅಡ್ಡಬಿದ್ದರು. ನಾನು ಜನರನ್ನು ದಾಟಿಕೊಂಡು ಹೋಗಿ ಮುದುಕಿಯ ಮುಷ್ಟಿ ಬಿಡಿಸಿ ಬೀಜ ಇಸಿದುಕೊಂಡೆ. ಅದು ಅವನದು.

ಡಾಕ್ಟರು ಒಂದು ಹೆಸರು ಕೊಟ್ಟು ಕಳಿಸಿದರು, ಇವರು ಒಂದು ಹೆಸರು ಕೊಟ್ಟು ಅಡ್ಡಬೀಳುತ್ತಾರೆ. ಇಬ್ಬರಿಗೂ ಅವನನ್ನು ನೋಡುವ ಕೆಲಸ ತಪ್ಪಿತು.

ಜುಲೈ ೩೧

'ಊ' ನಿಂತುಹೋಯಿತು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಈಗ ಹಗಲೂ ಮನೆಯಲ್ಲೇ ಕೂರಿಸಿಕೊಳ್ಳುತ್ತಾರೆ, ದಿನಾ ಯಾರಾದರೂ ಬಂದು ಸುರಿಯುತ್ತಾರೆ. ಅತ್ತೆಯೂ ಮಧ್ಯಾಹ್ನ ಭಕ್ತಿಯಿಂದ ಎರಡು ಬಿಂದಿಗೆ ಹುಯ್ಯುತ್ತಾರೆ. ಕೇಳದೆ ಬರುವಾಗ ಯಾಕೆ ಕೇಳುತ್ತಾನೆ? ಸಂಜೆ ನಾನು ನಿಲ್ಲಿಸಿದರೆ ಎದ್ದು ಅಜ್ಜಿಯ ಹತ್ತಿರ ಹೋಗುತ್ತಾನೆ.

ಅತ್ತೆಗೆ ಹೇಳಿದೆ, ಹುಯ್ಯಬೇಡಿ, ಹುಯ್ದರೂ ನಿಲ್ಲಿಸಿ ಕಾಯಿರಿ ಅಂತ. 'ಮೂಗ, ಮೂಗ ಅಂತ ಊರೆಲ್ಲ ಆಡ್ಕೊಂತಿದ್ರು. ಈಗ ಕೈ ಮುಗೀತಾವ್ರೆ. ನಿಂಗ್ಯಾಕಮ್ಮ ಹೊಟ್ಟೆ ಉರಿ? ಮಗೀನ ಕಾಯ್ಸಿ ಅಳ್ಸೋದು ಯಾವ ಸ್ಕೂಲ್ನಾಗೆ ಕಲ್ತೆ?' ಅಂದರು. ಅಡುಗೆಮನೆಗೆ ಬಂದು ಅಳುವಷ್ಟು ಸಿಟ್ಟು. ಅಳಲಿಲ್ಲ, ರಾಗಿ ಬೀಸಿದೆ.

ಆಗಸ್ಟ್ ೫. ಭಾನುವಾರ

ಗೊತ್ತಾಯಿತು, ಇಷ್ಟು ದಿನ ಪಿಸಿಪಿಸಿ ಮಾತು ಯಾತಕ್ಕೆ ಅಂತ. ಮಠದಿಂದ ಹೇಳಿ ಕಳಿಸಿದ್ದಾರೆ. ಮೌನಿ ಕೂಸನ್ನು ಮರಿ ಮಾಡಿಕೊಳ್ಳುತ್ತಾರಂತೆ. ಅಂದರೆ ಮಠಕ್ಕೆ ಕೊಟ್ಟುಬಿಡುವುದು. ಅಲ್ಲೇ ಬೆಳೆದು ಅಲ್ಲಿಯ ಸ್ವಾಮಿಯಾಗುತ್ತಾನೆ. ತಂದೆತಾಯಿ ಸಂಬಂಧ ಅವತ್ತಿಗೆ ಮುಗಿಯಿತು. ಶ್ರಾವಣದ ಕೊನೇ ಸೋಮವಾರ, ಸೆಪ್ಟೆಂಬರ್ ಮೂರು. ದೊಡ್ಡ ಬುದ್ಧಿಯವರು, ಅಂದರೆ ಮಠದ ಹಿರಿಯ ಸ್ವಾಮಿಗಳು, ತಾವೇ ಬರುತ್ತಾರೆ.

ಈ ಮನೆಗೆ ಇದು ಹೊಸದಲ್ಲ. ನಮ್ಮವರ ಅಣ್ಣನನ್ನು ಆರು ವರ್ಷಕ್ಕೆ ಅದೇ ಮಠಕ್ಕೆ ಬಿಟ್ಟರು. ಈಗ ಅವರು ಅಲ್ಲಿ ಕಿರಿಯ ಬುದ್ಧಿ. ವರ್ಷಕ್ಕೊಂದು ಸಲ ಅತ್ತೆ ಹೋಗಿ ಹೆತ್ತ ಮಗನಿಗೆ ಅಡ್ಡಬಿದ್ದು, ಕೈಗೆ ವಿಭೂತಿ ಹಾಕಿಸಿಕೊಂಡು ಬರುತ್ತಾರೆ. ಅದನ್ನು ಊರಿಗೆಲ್ಲ ಹೇಳುತ್ತಾರೆ. ಅವರು ಏನು ಮಾತಾಡಿದರು ಅಂತ ಒಂದು ಸಲ ಕೇಳಿದ್ದೆ. 'ಮಳೆ ಹೆಂಗೈತೆ ಅಂದ್ರು' ಅಂದಿದ್ದರು.

ಪದ್ಧತಿ ಏನೆಂದರೆ, ತಾಯಿ ತನ್ನ ಕೈಯಾರೆ ಮಗುವನ್ನು ಸ್ವಾಮಿಗಳ ಮಡಿಲಿಗೆ ಹಾಕಬೇಕು. ತಾಯಿ ಇಲ್ಲದಿದ್ದರೆ ಅಜ್ಜಿ. ಬೇರೆಯವರು ಹಾಕಿದರೆ ಆಗದು. ಹಾಗಾದರೆ ಈ ಎರಡು ಕೈ ಇಲ್ಲದೆ ಇವರ ಕೆಲಸ ನಡೆಯುವುದಿಲ್ಲ. ಇದನ್ನು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಆಗಸ್ಟ್ ೨೦. ಸೋಮವಾರ

ಇವತ್ತು ಬೆಳಕು ಹರಿಯುವ ಮೊದಲೇ ಅಡವಿಯನ್ನು ಎತ್ತಿಕೊಂಡು ಸ್ಕೂಲಿಗೆ ಹೋದೆ. ಮನೆ ಮುಂದೆ ಜನ, ಮಣೆ ಖಾಲಿ. ಹತ್ತು ಗಂಟೆಗೆ ಮಾವ ಸ್ಕೂಲಿಗೇ ಬಂದರು. ಈ ಕಟ್ಟಡದೊಳಗೆ ಕಾಲಿಟ್ಟದ್ದು ಇದೇ ಮೊದಲು.

'ಮಗೀನ ಕಳ್ಸು.'

'ಪಾಠ ನಡೀತಿದೆ ಮಾವ.'

'ಅವ್ನಿಗೆಂತಾ ಪಾಠ? ನಾಲ್ಗೆ ಕಟ್ಟಿರೋದು ಶಿವನ ಇಚ್ಛೆ ಕಣಮ್ಮ. ನೀನ್ಯಾಕೆ ಬಿಚ್ಚಕ್ಕೆ ಹೋಯ್ತೀಯ? ಮಾತು ಬಂದ್ರೆ ಮಠದೋರು ಒಪ್ಪಲ್ಲ.'

'ಹೋದ ವರ್ಷ ಅದೇ ಶಿವನ ಇಚ್ಛೆಗೆ ನೀವು ಬಜೆ ತಿಕ್ಕಿದ್ರಲ್ಲ.'

ಹುಡುಗಿಯರೆಲ್ಲ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಂಡರು. ಮಾವ ಹೊರಟರು. ಬಾಗಿಲಲ್ಲಿ ನಿಂತು, ಇನ್ಸ್‌ಪೆಕ್ಟರಿಗೆ ಬರೆಸುತ್ತೇನೆ, ಮೇಷ್ಟ್ರಮ್ಮ ಸ್ವಂತ ಮಗನನ್ನು ಸ್ಕೂಲಿನಲ್ಲಿ ಆಡಿಸುತ್ತಾಳೆ ಅಂತ — ಅಂದರು. ಬರೆಸಲಿ. ಚಾಂದ್ ಬಿ ಗೋಡೆ ಆಚೆಯಿಂದ ಎಲ್ಲ ಕೇಳಿಸಿಕೊಂಡು, ಅಡವಿಗೆ ಒಂದು ಹಿಡಿ ಹತ್ತಿ ತಾನಾಗಿ ಕೊಟ್ಟಳು.

ಆಗಸ್ಟ್ ೨೬. ಭಾನುವಾರ

ಇಡೀ ದಿನ ನಮ್ಮವರ ಜೊತೆ ಜಗಳ. ಈ ಸಲ ಅವರು ನೆಲ ನೋಡಲಿಲ್ಲ, ನನ್ನನ್ನೇ ನೋಡಿ ಮಾತಾಡಿದರು.

'ನಾಳೆ ನಾನೂ ಇಲ್ಲ, ನೀನೂ ಇಲ್ಲ ಅನ್ಕೋ ಶಿವರುದ್ರಿ. ಇವನಿಗೆ ಹೊಟ್ಟೆಗೆ ಯಾರು ಹಾಕ್ತಾರೆ? ಊರಲ್ಲಿ ಕಲ್ಲು ಹೊಡೀತಾರೆ. ಮಠದಲ್ಲಾದ್ರೆ ಸಾಯೋ ತನಕ ಪ್ರಸಾದ ಇದೆ, ಕೈ ಮುಗಿಯೋ ಜನ ಇದ್ದಾರೆ. ಹೊರಗಡೆ ಇವನಿಗೆ ಅದನ್ನ ಯಾರು ಕೊಡ್ತಾರೆ ಹೇಳು.'

ಇವರು ದುಷ್ಟರಾಗಿದ್ದರೆ ಸುಲಭವಿತ್ತು. ಈ ಪ್ರಶ್ನೆ ನನಗೂ ಇದೆ, ದಿನಾ ಇದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲ ಅಂತ ಮಗನನ್ನು ಕೊಟ್ಟುಬಿಡಲಾ? ಅಲ್ಲಿ ಸಾರು ಮುದ್ದೆಗೆ ತಾಗಿದರೆ ಯಾರಿಗೆ ಗೊತ್ತಾಗುತ್ತದೆ? ತಲೆ ಚಚ್ಚಿಕೊಂಡರೆ ಅಡ್ಡಬೀಳುತ್ತಾರೆ. ಅವನು ಮತ್ತೆ ಒಂದು ಸಲ 'ಊ' ಅಂದರೆ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಕೇಳಿಸಿದರೆ ಸುಮ್ಮನಿರಿಸುತ್ತಾರೆ.

'ಕೊಡಲ್ಲ' ಅಂದೆ. 'ಅಪ್ಪನ ಮಾತು ಮೀರೋಕಾಗಲ್ಲ' ಅಂದರು. 'ನೀವು ಮೀರಬೇಡಿ, ನಾನು ಮೀರ್ತೀನಿ' ಅಂದೆ.

ಸೆಪ್ಟೆಂಬರ್ ೩. ಬೆಳಿಗ್ಗೆ ಆರು

ಚಪ್ಪರ ಹಾಕಿ ಆಗಿದೆ. ಕೊರಟಗೆರೆಯಿಂದ ಓಲಗದವರು ಬಂದಿದ್ದಾರೆ. ಒಂದು ವಾರದಿಂದ ಬರೆದಿರಲಿಲ್ಲ. ಬಸ್ಸು ಹತ್ತಿ ತವರಿಗೆ ಹೋಗೋಣ ಅಂತ ಶುಕ್ರವಾರ ಗಂಟು ಕಟ್ಟಿದ್ದೆ. ಆಮೇಲೆ ಬಿಚ್ಚಿದೆ. ಓಡಿದರೆ ಎತ್ತಿಕೊಂಡು ಓಡಿದಳು ಅಂತಾರೆ, ನಾಳೆ ಹುಡುಕಿಕೊಂಡು ಬರುತ್ತಾರೆ. ಎಲ್ಲರ ಎದುರಿಗೆ ಇಲ್ಲ ಅನ್ನಬೇಕು. ಈ ಎರಡು ಕೈ ಕೊಡದಿದ್ದರೆ ಸಾಕು.

ಮಧ್ಯಾಹ್ನ ಮೂರು

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದಕ್ಕೆ ಬಂದರು. ದೊಡ್ಡ ಬುದ್ಧಿಯವರಿಗೆ ಎಂಬತ್ತರ ಹತ್ತಿರ, ಪಾಪ, ಪ್ರಯಾಣಕ್ಕೆ ಸುಸ್ತಾಗಿತ್ತು. ಪಕ್ಕದಲ್ಲಿ ಕಿರಿಯ ಬುದ್ಧಿ — ನನ್ನ ಭಾವ ಅನ್ನಬೇಕಾದವರು. ನಮ್ಮವರದೇ ಮೂಗು, ನಮ್ಮವರದೇ ಹಣೆ. ಓಲಗ ಊದಿದರು. ಅಡವಿ ಕಿವಿ ಮುಚ್ಚಿಕೊಂಡು ನನ್ನ ಕತ್ತಿನೊಳಗೆ ಮುಖ ತೂರಿಸಿ ಕಿರುಚಿದ. ಆವೇಶ, ಆವೇಶ ಅಂದರು ಜನ. ನಾನು ಹೋಗಿ ಓಲಗದ ಮೇಲೆ ಕೈ ಇಟ್ಟು ನಿಲ್ಲಿಸಿದೆ.

ಬುದ್ಧಿಯವರು ಮಡಿಲ ಮೇಲೆ ಶಲ್ಯ ಹರಡಿಕೊಂಡರು. 'ಬಾ ತಾಯಿ, ಹಾಕು' ಅಂದರು.

'ಹಾಕಲ್ಲ ಬುದ್ಧಿ' ಅಂದೆ. 'ಇವನು ಮೌನಿ ಅಲ್ಲ. ಮಾತು ಬಂದಿಲ್ಲ, ಅಷ್ಟೆ. ಇವನಿಗೆ ಮಾತಾಡೋಕೆ ಇಷ್ಟ ಇದೆ. ನಾನು ನೋಡಿದೀನಿ. ನನ್ನ ಮಗ ಸ್ವಾಮಿ ಅಲ್ಲ.'

ಮಾವನ ಮುಖ ಕೆಂಪಾಯಿತು. ನಮ್ಮವರು ಕಂಬ ಹಿಡಿದು ನಿಂತಿದ್ದರು. ಮಾವ ಅತ್ತೆ ಕಡೆ ತಿರುಗಿದರು.

'ಕರಿಬಸಿ, ನೀನು ಹಾಕು. ಇವಳು ಇಲ್ಲ ಅಂತ್ಲೇ ತಿಳ್ಕೊ. ಅಜ್ಜಿ ಹಾಕಿದ್ರೂ ನಡೀತದೆ.'

ಅತ್ತೆ ಎದ್ದರು. ತಲೆ ಮೇಲೆ ಸೆರಗು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು. ನಾನು ಅಡವಿಯನ್ನು ಅವುಚಿಕೊಂಡೆ. ಇವರು ಕಿತ್ತುಕೊಂಡರೆ ಕಚ್ಚಬೇಕು ಅಂತಲೇ ಮನಸ್ಸು ಮಾಡಿದ್ದೆ, ಸುಳ್ಳು ಯಾಕೆ. ಅವರು ಕೈ ಚಾಚಲಿಲ್ಲ. ಅಡವಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಅದನ್ನೇ ನೋಡುತ್ತಾ ನಿಂತರು.

'ನನ್ ಕೈಲಾಗಕಿಲ್ಲ' ಅಂದರು.

'ಏನೇ ಅಂಗಂದ್ರೆ?' ಅಂದರು ಮಾವ.

'ಒಂದು ಮಗ ಹಾಕಿದೀನಿ. ಅವತ್ತು ಅವ್ನೂ ಇಂಗೇ ಸೆರಗು ಹಿಡ್ಕಂಡಿದ್ದ. ಬುಡ್ನಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿ ಹಾಕ್ದೆ. ಇನ್ನೊಂದ್ಸಲ ಆ ಕೆಲ್ಸ ನನ್ ಕೈಲಿ ಮಾಡಿಸ್ಬ್ಯಾಡ್ರಿ.'

ಕಿರಿಯ ಬುದ್ಧಿಯವರು ತಲೆ ತಗ್ಗಿಸಿದರು. ಅತ್ತೆ ಅವರ ಕಡೆ ನೋಡಲೇ ಇಲ್ಲ. ನಾನು ನೋಡಿದೆ. ಅವರ ಗದ್ದ ಅದುರುತ್ತಿತ್ತು.

ದೊಡ್ಡ ಬುದ್ಧಿಯವರು ಶಲ್ಯ ಮಡಚಿಕೊಂಡರು. 'ಹೆಣ್ಮಕ್ಕಳ ಕೈ ಬಾರದ ಮೇಲೆ ನಾವು ತಗೊಳ್ಳೋದು ಸರಿಯಲ್ಲ, ಚನ್ನಮಲ್ಲಯ್ಯ' ಅಂತ ಮಾವನಿಗೆ ಹೇಳಿ ಎದ್ದರು. ಮಾವ ಎಷ್ಟು ಕೇಳಿಕೊಂಡರೂ ಊಟಕ್ಕೆ ನಿಲ್ಲಲಿಲ್ಲ. ಜನ ಒಬ್ಬೊಬ್ಬರೇ ಕರಗಿದರು. ಚಿಕ್ಕರಂಗಯ್ಯ ಹೋಗುವಾಗ ನನ್ನನ್ನು ದುರುಗುಟ್ಟಿ ನೋಡಿದ. ನಾನೂ ಹಾಗೇ ನೋಡಿದೆ.

ಸೆಪ್ಟೆಂಬರ್ ೪. ಸಂಜೆ

ಮಾವ ದೇವಸ್ಥಾನದಲ್ಲೇ ಇದ್ದಾರೆ. ನಾನು ಇರುವ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲವಂತೆ. ನಾನಂತೂ ಹೋಗುವುದಿಲ್ಲ. ಸ್ಕೂಲಿಗೆ ಹೋದೆ, ಇಪ್ಪತ್ತೆರಡರಲ್ಲಿ ಹದಿಮೂರು ಹುಡುಗಿಯರು ಬಂದಿದ್ದರು. ಹದಿಮೂರು ಜನಕ್ಕೇ ಪಾಠ ಮಾಡಿದೆ. ನಮ್ಮವರು ಶಿರಾಕ್ಕೆ ಹೋಗಲಿಲ್ಲ. ದೇವಸ್ಥಾನಕ್ಕೆ ಅಪ್ಪನಿಗೆ ಊಟ ತೆಗೆದುಕೊಂಡು ಹೋಗಿ ಬೈಸಿಕೊಂಡು ಬಂದರು. ಬಂದವರು ಅಡವಿಯ ತಟ್ಟೆಯಲ್ಲಿ ಸಾರನ್ನು ದೂರ ಇಟ್ಟು ಬಡಿಸಿದರು, ಬೆರಳಿಟ್ಟು ಅಳೆದು.

ನಾಳೆ ಏನೋ ಗೊತ್ತಿಲ್ಲ. ಇವನ ಮುಂದಿನ ಗತಿ ಏನು ಅನ್ನುವ ಪ್ರಶ್ನೆ ಹಾಗೇ ಇದೆ. ಇರಲಿ, ಅದರ ಜೊತೆಗೇ ಬದುಕುತ್ತೇವೆ.

ಅತ್ತೆ ಈಗ ಬಂದಿದ್ದರು, ಕೈಯಲ್ಲಿ ಚೊಂಬು. ನೆನ್ನೆಯಿಂದ ನನ್ನ ಹತ್ತಿರ ಇದೇ ಮೊದಲ ಮಾತು.

'ನಿಲ್ಲುಸ್ಬೇಕು ಅಂತಿದ್ದೆಲ್ಲ. ಎಷ್ಟೊತ್ತು?'

'ಹತ್ತು ಎಣಿಸಿ ಅತ್ತೆ.'

'ಹತ್ತಾದ್ರೂ ಕೇಳ್ನಿಲ್ಲ ಅಂದ್ರೆ?'

'ಇನ್ನೊಂದು ಹತ್ತು.'

'ಅಳ್ತಾನಲ್ಲೇ.'

'ಅಳಲಿ. ಮುಖ ನೋಡ್ತಾ ಕೂತಿರಿ.'

ಬಚ್ಚಲಿಗೆ ಹೋದರು. ನೀರಿನ ಸದ್ದು. ನಿಂತಿತು. ಮನಸ್ಸಿನಲ್ಲಿ ಎಣಿಸುವುದು ಅವರಿಗೆ ಬಾರದು, ಊರಿಗೆಲ್ಲ ಕೇಳುವ ಹಾಗೆ ಎಣಿಸುತ್ತಿದ್ದಾರೆ. ನಾಲ್ಕು... ಐದು... ಅಡವಿ ಅಳುತ್ತಿಲ್ಲ. ಆರು... ಏಳು... ಯಾಕೆ ನಿಂತರು? ಏಳಕ್ಕೇ ಯಾಕೆ ನಿಲ್ಲಿಸಿದರು? 'ಊ' — ಅವನ ದನಿ, ಆಮೇಲೆ ಚೊಂಬು ಪೂರ್ತಿ ಸುರಿದ ಸದ್ದು.